ಅರವತ್ತು ದಿನ ನಾವೆಲ್ಲಿದ್ದೆವು?

ಚಿಲಮತ್ತೂರಿನ ನಮಗೆ ಪೇಟೆಯೆಂದರೆ ಹಿಂದೂಪುರ. 2022ರ ಜನವರಿಯಲ್ಲಿ ಆಂಧ್ರ ಸರಕಾರದ ಕರಡು, ಹೊಸ ಜಿಲ್ಲೆಗೆ ಪುಟ್ಟಪರ್ತಿಯನ್ನು ಕೇಂದ್ರಸ್ಥಾನವೆಂದಿತು. ಆಕ್ಷೇಪಣೆಗೆ 30 ದಿನ. ಹಿಂದೂಪುರದವರು ಮೆರವಣಿಗೆ ಹೊರಟರು, ಮೌನದೀಕ್ಷೆ ಕುಳಿತರು. ಕೇಳಿದ್ದು ಸಿಗಲಿಲ್ಲ ನಿಜ. ಅವಧಿಯೊಳಗೆ ಕೇಳಿದ್ದಂತೂ ಹೌದು.

ನಮ್ಮ ಸಮಾಜ ಅಷ್ಟೂ ಮಾಡಲಿಲ್ಲ. 20 ತೀರ್ಥಂಕರರು ಮೋಕ್ಷ ಹೊಂದಿದ ಸಮ್ಮೇದ ಶಿಖರ್ಜಿಯಲ್ಲಿ ಪರಿಸರ ಪ್ರವಾಸೋದ್ಯಮಕ್ಕೆ ಎಡೆಗೊಟ್ಟ ಅಧಿಸೂಚನೆ 2019ರ ಆಗಸ್ಟಿನದು. ದೇಶವಿಡೀ ಶ್ರಾವಕರು ಬೀದಿಗಿಳಿದದ್ದು 2022ರ ಡಿಸೆಂಬರಿನಲ್ಲಿ. 2023ರ ಜನವರಿ 5ರಂದು ಕೇಂದ್ರ ಸರಕಾರ ಪ್ರವಾಸೋದ್ಯಮವನ್ನು ತಡೆಹಿಡಿಯಿತು; ಉಸ್ತುವಾರಿ ಸಮಿತಿಗೆ ಇಬ್ಬರು ಜೈನರನ್ನೂ ಸ್ಥಳೀಯ ಬುಡಕಟ್ಟಿನ ಒಬ್ಬರನ್ನೂ ಸೇರಿಸಲು ಸೂಚಿಸಿತು. ಜೈಪುರದಲ್ಲಿ ಉಪವಾಸ ಕುಳಿತಿದ್ದ ಮುನಿಶ್ರೀ ಸುಜ್ಞೇಯಸಾಗರರು ಎರಡು ದಿನ ಮೊದಲೇ ದೇಹ ಬಿಟ್ಟಿದ್ದರು.

ಇಂಥ ಕರಡಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ತೆರಿಗೆ ಸುತ್ತೋಲೆಯ ಒಂದು ಸಾಲನ್ನೂ ಬಿಡದೆ ಓದುವ ನಾವು ಅದನ್ನು ಓದಿರಲಿಲ್ಲ.