ಕಂಬ ಕಟ್ಟುವ ಅಣುಗಳು

ಘನವಸ್ತು ಕರಗಿದರೆ ದ್ರವವಾಗುವುದೆಂಬುದು ಮಕ್ಕಳೂ ಬಲ್ಲ ಸಂಗತಿ. ಆದರೆ 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ರೈನಿಟ್ಜರ್ ಕೊಲೆಸ್ಟರಾಲಿನ ಸಂಯುಕ್ತವೊಂದನ್ನು ಕಾಯಿಸಿದಾಗ ಅದು ಎರಡು ಬಾರಿ ಕರಗಿತು! ಸುಮಾರು 145 ಡಿಗ್ರಿ ಸೆಂಟಿಗ್ರೇಡಿನಲ್ಲಿ ಮಬ್ಬು ದ್ರವವಾಯಿತು. 178ರ ಬಳಿ ಆ ಮಬ್ಬೂ ಹರಿದು ತಿಳಿಯಾಯಿತು. ಹರಿಯುತ್ತಿದ್ದರೂ ಸ್ಫಟಿಕದ ಶಿಸ್ತನ್ನು ಅಷ್ಟಿಷ್ಟು ಉಳಿಸಿಕೊಂಡ ಈ ನಡುವಣ ಸ್ಥಿತಿಯೇ ದ್ರವಸ್ಫಟಿಕ.

ಇಂಥ ಶಿಸ್ತು ಕಡ್ಡಿಯಂತೆ ನೀಳವಾದ ಅಣುಗಳಿಗೇ ಮೀಸಲೆಂದು ವಿದ್ವಾಂಸರು ಬಹುಕಾಲ ಭಾವಿಸಿದ್ದರು. ಬೆಂಕಿಪೆಟ್ಟಿಗೆಯ ಕಡ್ಡಿಗಳು ಒಂದೇ ದಿಕ್ಕಿಗೆ ಮಲಗುವುದು ಸಹಜ ತಾನೆ? ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳ ಗತಿಯೇನು?

ಈ ಪ್ರಶ್ನೆಗೆ ಉತ್ತರ ದೊರೆತುದು ಬೆಂಗಳೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಾಲಯವನ್ನು ಕಟ್ಟಿದರು. (ನೊಬೆಲ್ ಪಡೆದ ಖಗೋಳವಿಜ್ಞಾನಿ ಚಂದ್ರಶೇಖರರು ಬೇರೆ, ಇವರು ಬೇರೆ, ಇಬ್ಬರೂ ಸರ್ ಸಿ. ವಿ. ರಾಮನ್ನರ ಬಂಧುಗಳೆಂಬುದು ನಿಜ.) ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರ ಜೊತೆಗೂಡಿ ಅವರು ಬಿಲ್ಲೆಯಾಕಾರದ ಅಣುಗಳನ್ನೇ ಪರೀಕ್ಷೆಗೆ ಎತ್ತಿಕೊಂಡರು.

ಅಣುವಿನ ರಚನೆ ಸರಳ, ಜಾಣತನವೋ ಅಪಾರ. ನಡುವೆ ಬೆಂಜೀನಿನ ಗಡುಸಾದ ಚಪ್ಪಟೆ ಉಂಗುರ; ಅದರ ಆರು ಮೂಲೆಗಳಿಗೂ ಕೊಬ್ಬಿನ ಆಮ್ಲದ ಒಂದೊಂದು ಮೆದುವಾದ ಬಾಲ. ಉಂಗುರಕ್ಕೆ ಅಚ್ಚುಕಟ್ಟಾಗಿ ಜೋಡಿಕೊಳ್ಳುವ ಹಂಬಲ, ಬಾಲಗಳಿಗೆ ಸದಾ ಓಲಾಡುವ ಚಪಲ. ಬಾಲ ತೀರ ಮೊಟಕಾದರೆ ವಸ್ತು ನೇರವಾಗಿ ಕರಗಿ ಸಾಮಾನ್ಯ ದ್ರವವಾಗಿಬಿಡುತ್ತದೆ. ಉದ್ದ ಹದವಾಗಿದ್ದಾಗ, 80 ಡಿಗ್ರಿಯ ಆಸುಪಾಸಿನಲ್ಲಿ, ಕೆಲವೇ ಡಿಗ್ರಿಗಳ ಅಂತರದಲ್ಲಿ ಆ ನಡುವಣ ಸ್ಥಿತಿ ಕಾಣಿಸಿಕೊಂಡಿತು. ಅದರ ಮೇಲೆ ಕ್ಷ-ಕಿರಣ ಹಾಯಿಸಿದಾಗ ಒಳಗಿನ ಗುಟ್ಟು ರಟ್ಟಾಯಿತು: ಅಣುಗಳು ನಾಣ್ಯಗಳನ್ನು ಪೇರಿಸಿಟ್ಟಂತೆ ಒಂದರ ಮೇಲೊಂದು ಕುಳಿತು ಕಂಬಗಳಾಗಿದ್ದುವು, ಕಂಬಗಳು ಜೇನುಗೂಡಿನ ಕೋಶಗಳಂತೆ ಆರ್ಮೂಲೆಯ ವಿನ್ಯಾಸದಲ್ಲಿ ನಿಂತಿದ್ದುವು. ಪೇರಿಸಿದ ಕೈ ಯಾವುದೂ ಇಲ್ಲ. ಅಣುಗಳು ತಾವಾಗಿಯೇ ಕಟ್ಟಿಕೊಂಡ ಮಂಟಪವದು.

1977ರಲ್ಲಿ ಈ ವರದಿ ಪ್ರಕಟವಾದುದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. ಹೆಸರು ಸಾರ್ಥಕವಾಯಿತೆನ್ನಬೇಕು. ಹೊರನಾಡಿನ ಪತ್ರಿಕೆಯ ಮುದ್ರೆ ಬಿದ್ದಲ್ಲದೆ ಸಂಶೋಧನೆಗೆ ಬೆಲೆಯಿಲ್ಲವೆಂದು ಹಲುಬುವವರು ಗಮನಿಸಬೇಕಾದ ಸಂಗತಿಯಿದು. ಲೋಕದ ಪ್ರಯೋಗಾಲಯಗಳು ಆ ಪುಟಗಳನ್ನು ಹುಡುಕಿಕೊಂಡು ಬಂದುವು.

ಇಂಥ ಕಂಬಗಳ ಉದ್ದಕ್ಕೆ ವಿದ್ಯುತ್ತು ಸುಲಭವಾಗಿ ಹರಿಯಬಲ್ಲುದೆಂದು ಮುಂದೆ ತಿಳಿದುಬಂದಿತು. ದ್ರವಸ್ಫಟಿಕದ ಪರದೆಗಳನ್ನು ಓರೆಯಿಂದ ನೋಡಿದರೆ ಚಿತ್ರ ಮಸಕಾಗುವ ದೋಷವಿತ್ತು. ಅದನ್ನು ತಗ್ಗಿಸಲು ಜಪಾನಿನಲ್ಲಿ ಬಿಲ್ಲೆಯಣುಗಳ ತೆಳುಹಾಳೆಯನ್ನೇ ಬಳಸಿದರು.