ಅಟ್ಟದ ಹೊಗೆಗೆ ದಾರಿ

ನಾಲ್ಕನೆಯ ಜ್ವರದಿಂದ ಎದ್ದ ರೇಷ್ಮೆಹುಳುಗಳಿಗೆ ಗಾಳಿ ಸಾಲದಾದರೆ ಬೆಳೆ ಕೆಡುವುದೆಂಬುದನ್ನು ಮಾಗಡಿ, ಕನಕಪುರ ಸೀಮೆಯ ರೈತ ದಂಪತಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಳುವಿನ ಮನೆಗೆ ಕಿಟಕಿ ಇಡಿಸುವವರು ಅಡಿಗೆಮನೆಯ ಸೂರನ್ನು ಮಾತ್ರ ಮರೆಯುವುದು ವಿಚಿತ್ರವೇ ಸರಿ.

ಕಲ್ಯದಲ್ಲಾಗಲಿ ನೆರೆಯ ಗ್ರಾಮಗಳಲ್ಲಾಗಲಿ, ಸೌದೆಯ ಒಲೆಯುಳ್ಳ ಹೆಂಚಿನ ಮನೆಯ ಅಟ್ಟವನ್ನು ನೋಡಿರಿ. ತೊಲೆ, ಹೆಂಚುಗಳು ಮಸಿಗಟ್ಟಿದ್ದರೆ ಹೊಗೆಯು ಅಲ್ಲಿಯೇ ತಂಗುತ್ತಿದೆ ಎಂದರ್ಥ. ಬಿಸಿಗಾಳಿಯು ಹಗುರವಾದುದರಿಂದ ಮೇಲೇರುತ್ತದೆ. ದಾರಿ ಕಾಣದೆ ತಣಿದು ಮತ್ತೆ ಕೆಳಗಿಳಿಯುತ್ತದೆ. ಒಲೆಯ ಮುಂದೆ ಕುಳಿತ ಗರ್ಭಿಣಿಯೂ ಆಕೆಯ ಮಗ್ಗುಲಿನ ಕೂಸೂ ಅದನ್ನೇ ಉಸಿರಾಡಬೇಕಾಗುತ್ತದೆ. ಇಂತಹ ಹೊಗೆಯಿಂದ ಶಿಶುವು ಕಡಿಮೆ ತೂಕದ್ದಾಗಿ ಹುಟ್ಟುವ, ಎಳೆಯ ಮಕ್ಕಳಿಗೆ ನ್ಯುಮೋನಿಯಾ ತಗಲುವ ಅಪಾಯ ಹೆಚ್ಚು.

ಗೋಡೆಯ ಕಿಟಕಿಯೊಂದೇ ಸಾಲದು. ಸೂರಿನ ಅತಿ ಎತ್ತರದ ಭಾಗದಲ್ಲಿ ಗವಾಕ್ಷಿ ಇರಬೇಕು. ಹೊಸಗಾಳಿ ಒಳಬರಲು ಕೆಳಗೂ ಕಿಂಡಿ ಇರಬೇಕು. ಕೆಳಗಿನದನ್ನು ಮುಚ್ಚಿದರೆ ಮೇಲಿನದು ಹೊಗೆಯನ್ನು ಚೆನ್ನಾಗಿ ಎಳೆಯಲಾರದು. ಗವಾಕ್ಷಿಗೆ ಮಳೆಯ ಎರಚಲು ತಾಗದಂತೆ ಮರೆಯನ್ನೂ ಇಲಿ ನುಗ್ಗದಂತೆ ತಂತಿಬಲೆಯನ್ನೂ ಹಾಕಿಸಿರಿ. ಬಲೆಗೆ ಮಸಿ ಕಟ್ಟುವುದರಿಂದ ಆಗಾಗ್ಗೆ ಉಜ್ಜಬೇಕು. ಅಟ್ಟದ ಮೇಲಿನ ರಾಗಿ ಮೂಟೆಗಳನ್ನು ಅದಕ್ಕೆ ಅಡ್ಡವಾಗಿ ಒಟ್ಟಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯು ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆ ಕಳುಹಿಸುತ್ತದೆ. ಅನಿಲದ ಒಲೆ ಬಂದಿರುವ ಮನೆಗಳಲ್ಲಿಯೂ ಸ್ನಾನದ ನೀರು ಕಾಯಿಸಲು ಸೌದೆಯನ್ನೇ ಉರಿಸುವುದುಂಟು. ಆ ಹಂಡೆಯ ಒಲೆಗೂ ಕೊಳವೆ ಬೇಕು. ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸುವಾಗಲೇ ಯಜಮಾನರು ಈ ಕೆಲಸವನ್ನೂ ಮಾಡಿಸಿಕೊಳ್ಳಬಹುದು.