ಕಣ್ಣಿಗೆ ಕಾಣದ ಬೆಳಕಿನ ಆಯ್ಕೆ

1801ರಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಯೋಹಾನ್ ರಿಟರ್ ಎಂಬ ತರುಣ ವಿಜ್ಞಾನಿಯು, ಅಶ್ರಗವು ಬಿಡಿಸಿ ಹರಡಿದ ಸೂರ್ಯಪ್ರಕಾಶದ ವರ್ಣಗಳಲ್ಲಿ ಸಿಲ್ವರ್ ಕ್ಲೋರೈಡನ್ನು ಇರಿಸಿ, ನೇರಳೆಯಿಂದಾಚೆಗೆ, ಕಣ್ಣಿಗೆ ಬರಿಯ ಕತ್ತಲೆಯಾಗಿ ತೋರುತ್ತಿದ್ದ ಎಡೆಯಲ್ಲಿ, ಆ ಲವಣವು ಎಲ್ಲಕ್ಕಿಂತ ಬೇಗನೆ ಕಪ್ಪಾದುದನ್ನು ಕಂಡನು. ಮನೆಯಲ್ಲಿಯೇ ಪಿಸಿಬಿ, ಅಂದರೆ ಮುದ್ರಿತ ಸರ್ಕ್ಯೂಟ್ ಬೋರ್ಡು, ತಯಾರಿಸಲು ಹೊರಟವರಿಗೆ ದೀಪದ ಆಯ್ಕೆಯ ವಿಷಯದಲ್ಲಿ ಇದಕ್ಕಿಂತ ಉತ್ತಮವಾದ ಪ್ರಥಮ ಪಾಠವಿಲ್ಲವೆಂದು ನನ್ನ ನಂಬಿಕೆ. ಏಕೆಂದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ನಿಂತವನು ಸಹಜವಾಗಿಯೇ ತನ್ನ ಕಣ್ಣನ್ನು ಪ್ರಮಾಣವಾಗಿಟ್ಟುಕೊಳ್ಳುವನು, ಆದರೆ ಇಲ್ಲಿ ಪ್ರಮಾಣವಾಗತಕ್ಕದ್ದು ತಾಮ್ರದ ಮೇಲೆ ಅಂಟಿಸಿದ ಫಿಲ್ಮು.

ಬಿಸಿ ಇಸ್ತ್ರಿಪೆಟ್ಟಿಗೆಯಿಂದ ತಾಮ್ರದ ಮೇಲೆ ಕೂರಿಸುವ ನೀಲವರ್ಣದ ಡ್ರೈ ಫಿಲ್ಮು ಸುಮಾರು 350ರಿಂದ 400 ನ್ಯಾನೊಮೀಟರ್ ತರಂಗಾಂತರದ ಕಿರಣಗಳಿಗೆ, ಅದರಲ್ಲಿಯೂ 365ರ ಆಸುಪಾಸಿನವಕ್ಕೆ, ಚೆನ್ನಾಗಿ ಸ್ಪಂದಿಸುವುದು. ಕಿರಣ ಬಿದ್ದೆಡೆ ಅದು ಗಟ್ಟಿಯಾಗಿ ಗಾಢವರ್ಣಕ್ಕೆ ತಿರುಗುವುದು. ಬೀಳದೆಡೆ ಶೇಕಡ 1ರ ವಾಷಿಂಗ್ ಸೋಡಾ ದ್ರಾವಣದಲ್ಲಿ ಕರಗಿಹೋಗಿ, ಬಯಲಾದ ತಾಮ್ರವನ್ನು ಫೆರಿಕ್ ಕ್ಲೋರೈಡು ತಿಂದುಹಾಕುವುದು.

ಯುವಿ (ಅತಿನೇರಳೆ) ದೀಪವೆಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲವೂ ಒಂದೇ ಜಾತಿಯದಲ್ಲ. ನೀರು ಶುದ್ಧೀಕರಿಸುವ ಯಂತ್ರದೊಳಗೆ ಕ್ರಿಮಿನಾಶಕ್ಕೆಂದು ಇರುವ ದೀಪವು 254 ನ್ಯಾನೊಮೀಟರಿನ ಕಿರಣವನ್ನು ಸೂಸುವುದು. ಅದು ಕಣ್ಣಿಗೂ ಚರ್ಮಕ್ಕೂ ಅಪಾಯಕರ, ಮೇಲಾಗಿ ಟ್ರ್ಯಾಕುಗಳೆಂಬ ತಾಮ್ರದ ಗೆರೆಗಳ ಚಿತ್ರವುಳ್ಳ ನೆಗೆಟಿವನ್ನು ಫಿಲ್ಮಿನ ಮೇಲೆ ಒತ್ತಿಹಿಡಿಯುವ ಸಾಮಾನ್ಯ ಗಾಜನ್ನು ದಾಟಲಾರದಾದ ಕಾರಣ ನಮ್ಮ ಕಾರ್ಯಕ್ಕೆ ಸರ್ವಥಾ ನಿರುಪಯುಕ್ತ. ರಂಗಮಂಚದ ಮೇಲೆ ಬಿಳಿಯ ವಸ್ತ್ರವನ್ನು ಹೊಳೆಯಿಸುವ ಕಡುನೀಲಿ ಟ್ಯೂಬು ಕೆಲಸಕ್ಕೆ ಬಾರದೆ ಇಲ್ಲ. ಆದರೆ ಭೌತವಿಜ್ಞಾನಿ ರಾಬರ್ಟ್ ವುಡ್‌ನ ಹೆಸರನ್ನು ಹೊತ್ತ ಅದರ ಗಾಜು ಕಾಣುವ ಬೆಳಕನ್ನು ತಡೆಯಲೆಂದು ಇರುವುದೇ ಹೊರತು ನಮಗೆ ಬೇಕಾದ ಕಿರಣವನ್ನು ಹೆಚ್ಚಿಸಲೆಂದಲ್ಲ. ಹೋಟೆಲು, ಬೇಕರಿಗಳ ಗೋಡೆಯಲ್ಲಿ ನೊಣ ಹಿಡಿಯುವ ಯಂತ್ರದೊಳಗೆ ಉರಿಯುವ ಬೆಳ್ಳನೆಯ ಟ್ಯೂಬೇ, ತರಂಗಾಂತರವೂ ಹೊಂದಿ, ಬೆಲೆಯೂ ಎಟುಕಿ, ಉದ್ದಕ್ಕೂ ಸಮವಾಗಿ ಬೆಳಕು ಚೆಲ್ಲುವುದಾದ್ದರಿಂದ, ನನ್ನ ಮಟ್ಟಿಗೆ ಎಲ್ಲಕ್ಕೂ ಮಿಗಿಲು. ಅಂತಹ ಟ್ಯೂಬುಗಳನ್ನು ಒತ್ತೊತ್ತಾಗಿ ಜೋಡಿಸಿ, ಮುಚ್ಚಳವಿರುವ ಪೆಟ್ಟಿಗೆಯೊಳಗೆ ಕೂರಿಸಿದರೆ ಕಣ್ಣಿಗೂ ಕ್ಷೇಮ. ಚಿಕ್ಕ ಬೋರ್ಡಿಗೆ, ಉಗುರುಬಣ್ಣ ಒಣಗಿಸಲು ಬ್ಯೂಟಿ ಪಾರ್ಲರಿನಲ್ಲಿ ಬಳಸುವ, 9 ವ್ಯಾಟಿನ ನಾಲ್ಕು ಟ್ಯೂಬುಗಳ ಪೆಟ್ಟಿಗೆಯೂ ಸಾಕು.

ಎಲ್‌ಇಡಿಗಳ ವಿಷಯದಲ್ಲಿ ಅವಸರ ಸಲ್ಲದು. ಅಗ್ಗವಾಗಿ ದೊರಕುವವು 395ರಿಂದ 405 ನ್ಯಾನೊಮೀಟರಿನವು. ಕಣ್ಣಿಗೆ ಪ್ರಖರ ನೇರಳೆಯಾಗಿ ತೋರಿದರೂ ಫಿಲ್ಮಿನ ಸಂವೇದನೆಯ ಅಂಚಿನಲ್ಲಿರುವವು. ಅದಕ್ಕಿಂತ ದೊಡ್ಡ ತೊಡಕೆಂದರೆ, 5 ಮಿಲಿಮೀಟರಿನ ಎಲ್‌ಇಡಿಯು ಇಕ್ಕಟ್ಟಾದ ಶಂಕುವಿನಾಕಾರದಲ್ಲಿ ಬೆಳಕು ಚೆಲ್ಲುವುದರಿಂದ, ತೀರ ಸಮೀಪದಲ್ಲಿರಿಸಿದಾಗ ಫಿಲ್ಮಿನ ಮೇಲೆ ದಟ್ಟ, ತೆಳು ಮಚ್ಚೆಗಳ ಚೌಕಳಿ ಮೂಡುವುದು; ಶಂಕುಗಳು ಒಂದರೊಳಗೊಂದು ಬೆರೆಯುವಷ್ಟು ದೂರ ಸರಿಸಿದರೆ ಕಾಲ ಹೆಚ್ಚು ಬೇಕಾಗುವುದು. ಬಿಸಿಲೇನೋ ಉಚಿತವಾಗಿಯೇ ದೊರೆಯುವುದು. ಆದರೆ ಮೋಡ ಸುಳಿದಂತೆ, ಹೊತ್ತು ಏರಿ ಇಳಿದಂತೆ ಅದರ ತೀಕ್ಷ್ಣತೆ ಬದಲಾಗುವುದರಿಂದ ನಿನ್ನೆಯ ಲೆಕ್ಕ ಇಂದಿಗೆ ಸಲ್ಲದು.

ದೀಪ ಎಷ್ಟೇ ಉತ್ತಮವಾಗಿದ್ದರೂ, ನೆಗೆಟಿವಿನ ಮಸಿ ಹತ್ತಿದ ಮಗ್ಗುಲು ಫಿಲ್ಮಿಗೆ ತಾಗಿಕೊಂಡಿರದಿದ್ದರೆ, ಓರೆಯಾಗಿ ಬಂದ ಕಿರಣಗಳು ಕಪ್ಪಿನ ಅಡಿಗೆ ನುಸುಳಿ ಟ್ರ್ಯಾಕುಗಳನ್ನು ದಪ್ಪಗೊಳಿಸಿ ನಡುವಣ ಸಂದುಗಳನ್ನು ಮುಚ್ಚಿಬಿಡುವುವು. ಭಾರವಾದ ಗಾಜೊಂದನ್ನು ಮೇಲಿರಿಸುವುದು ಅದಕ್ಕಾಗಿಯೇ. ಗಾಜಿಗೆ ಬದಲಾಗಿ ಅಕ್ರಿಲಿಕ್ ಹಾಳೆ ಬಳಸುವವರು, ಹಲವು ಬಗೆಯ ಅಕ್ರಿಲಿಕ್ಕುಗಳಿಗೆ ಈ ಕಿರಣವನ್ನೇ ಹೀರುವ ದ್ರವ್ಯವನ್ನು ಬೆರೆಸಿರುವರೆಂಬುದನ್ನು ಮರೆಯಬಾರದು.

ಕಾಲವನ್ನು ನಿರ್ಣಯಿಸಲು, ಫಿಲ್ಮು ಹಚ್ಚಿದ ತುಂಡೊಂದರ ಮೇಲೆ ನೆಗೆಟಿವನ್ನಿಟ್ಟು, ರಟ್ಟಿನಿಂದ ಮುಚ್ಚಿ, ಅರ್ಧ ಅರ್ಧ ನಿಮಿಷಕ್ಕೊಮ್ಮೆ ರಟ್ಟನ್ನು ಬೆರಳಗಲ ಸರಿಸುತ್ತ ಬರಬೇಕು. ಸೋಡಾ ನೀರಿನಲ್ಲಿ ತೊಳೆದಾಗ ಒಂದು ತುದಿಯಲ್ಲಿ ಟ್ರ್ಯಾಕುಗಳೇ ಕೊಚ್ಚಿಹೋಗಿರುವುವು, ಇನ್ನೊಂದು ತುದಿಯಲ್ಲಿ ಸಂದುಗಳು ಬಿಡಿಸಿಕೊಳ್ಳದೆ ನಿಂತಿರುವುವು. ಇವೆರಡರ ನಡುವೆ ಗೆರೆಯೂ ಸಂದೂ ಸ್ಫುಟವಾಗಿ ತೋರುವ ಪಟ್ಟಿಯ ಕಾಲವೇ ಆ ದೀಪದ ಕಾಲ. ಹಳೆಯದಾದ ಟ್ಯೂಬು ಮೊದಲಿನಂತೆಯೇ ಬೆಳಗುತ್ತಿರುವಂತೆ ಕಂಡರೂ ಅದರ ಕಿರಣ ಕ್ಷೀಣಿಸುತ್ತಿರುವುದಾದ್ದರಿಂದ, ಟ್ರ್ಯಾಕುಗಳು ಸೋಡಾ ನೀರಿನಲ್ಲಿ ಸಡಿಲತೊಡಗಿದಾಗ ದ್ರಾವಣವನ್ನು ದೂರುವ ಮುನ್ನ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡತಕ್ಕದ್ದು.